ಬಣ್ಣದ ಪೆಟ್ಟಿಗೆಯ ವಾರಸು

ನಟನ ಮಗ ನಟನಾಗಬಾರದೆ? ಚಿತ್ರರಂಗದಲ್ಲಿ ಸ್ವಜನಪಕ್ಷಪಾತ ಹೆಚ್ಚಿತೆಂಬ ದೂರು ಕೇಳಿದಾಗಲೆಲ್ಲ ಅದರ ಬೆನ್ನಿಗೇ ಈ ಪ್ರಶ್ನೆಯೂ ಬರುತ್ತದೆ. ವೈದ್ಯರ ಮಗ ವೈದ್ಯನಾಗುತ್ತಾನೆ, ಕಮ್ಮಾರನ ಮಗ ಕುಲುಮೆಯ ಮುಂದೆ ಕೂರುತ್ತಾನೆ. ನಟನ ಮಗ ಬಣ್ಣ ಹಚ್ಚಿದರೆ ತಪ್ಪೇನು? ಏನೂ ತಪ್ಪಿಲ್ಲ. ಆದರೆ ಕಮ್ಮಾರನ ಮಗ ಮೊದಲ ದಿನವೇ ಸುತ್ತಿಗೆ ಎತ್ತುವುದಿಲ್ಲ, ತಿದಿ ಒತ್ತುತ್ತಾನೆ. ಅವನು ಬಡಿದ ಕುಡ ನೆಲದಲ್ಲಿ ಮುರಿದರೆ ರೈತ ಅದನ್ನು ತಂದು ಅವನ ಮುಂದೆಯೇ ಎಸೆಯುತ್ತಾನೆ. ನಮ್ಮ ಮನರಂಜನೆಯ ಲೋಕದಲ್ಲಿ ಈ ತಿದಿ ಒತ್ತುವ ಕಾಲ ಉಳಿದಿದೆಯೆ, ಮುರಿದ ಕುಡವನ್ನು ಎಸೆಯುವ ರೈತ ಉಳಿದಿದ್ದಾನೆಯೆ ಎಂಬುದೇ ಇಲ್ಲಿ ಕೇಳಬೇಕಾದ ಮಾತು.

ಕನ್ನಡದ ವೃತ್ತಿರಂಗಭೂಮಿಯಲ್ಲಿ ವಂಶ ಇರಲಿಲ್ಲವೆಂದು ಯಾರೂ ಹೇಳಲಾರರು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಲ್ಲಿ ವೀರಣ್ಣನವರ ಬಂಧುಬಳಗವೆಲ್ಲ ರಂಗದ ಮೇಲಿತ್ತು. ಅವರ ಮೊಮ್ಮಗಳು ಬಿ. ಜಯಶ್ರೀ ಆ ಕಂಪನಿಯಲ್ಲಿಯೇ ಬಾಲಪಾತ್ರ ವಹಿಸಿ, ಮುಂದೆ ದಿಲ್ಲಿಯ ರಾಷ್ಟ್ರೀಯ ನಾಟಕಶಾಲೆಯಲ್ಲಿ ಕಲಿತು, ಸ್ಪಂದನ ತಂಡ ಕಟ್ಟಿದವರು. ಆದರೆ ಅದೇ ಕಂಪನಿಗೆ ದಕ್ಷಿಣ ಕನ್ನಡದ ಮಂಚಿಯಿಂದ ಮನೆ ಬಿಟ್ಟು ಬಂದ ಹುಡುಗನೊಬ್ಬನೂ ಸೇರಿದ. ವೀರಣ್ಣನವರು ಅವನನ್ನು ಓದಲೆಂದು ಕಾಶಿಗೆ ಕಳುಹಿಸಿದರು. ಆತನೇ ಬಿ. ವಿ. ಕಾರಂತ. ಒಂದೇ ಸೂರಿನಡಿ ಮೊಮ್ಮಗಳಿಗೂ ಎಡೆಯಿತ್ತು, ಯಾರದೋ ಮಗನಿಗೂ ಎಡೆಯಿತ್ತು. ಕಂಪನಿಯ ದೊಡ್ಡಸ್ತಿಕೆ ಇದ್ದದ್ದು ಇಲ್ಲಿ.

ಡಾ. ರಾಜಕುಮಾರರೂ ನಟನ ಮಗನೇ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯಲ್ಲಿ ಹೆಸರಾದ ಪಾತ್ರಧಾರಿ. ಹಾಗೆಂದು ಮಗ ಮುತ್ತುರಾಜನಿಗೆ ಕಿರೀಟ ಕೂಡಲೇ ಸಿಗಲಿಲ್ಲ. ಸಣ್ಣಪುಟ್ಟ ಪಾತ್ರಗಳಲ್ಲಿ ವರ್ಷಗಳು ಸಂದವು. 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂದಾಗ ಅದರ ಹಿಂದೆ ಗುಬ್ಬಿ ವೀರಣ್ಣನವರಿದ್ದರು. ಆದರೆ ನಾಯಕನಾದದ್ದು ಯಜಮಾನರ ಮಗನಲ್ಲ, ಕಂಪನಿಯ ಅನ್ನ ಉಂಡು ಬೆಳೆದ ಈ ಮುತ್ತುರಾಜ. ತಂದೆಯ ಕೈ ಹಿಡಿದು ಬಾಗಿಲು ದಾಟಿದ್ದು ನಿಜ. ಒಳಗೆ ನಡೆದದ್ದು ಸ್ವಂತ ಕಾಲಿನ ಮೇಲೆ.

ಇನ್ನೊಂದು ಸಂಗತಿಯನ್ನೂ ಮರೆಯಲಾಗದು. ಆ ಕಾಲದಲ್ಲಿ ಕಲಾವಿದರ ಹೊಟ್ಟೆಯಲ್ಲಿ ಹುಟ್ಟುವುದು ಸೌಭಾಗ್ಯವಾಗಿರಲಿಲ್ಲ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ. ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿ ಒಳ್ಳೆಯ ಗಾಯಕಿ. ಆ ತಾಯಿಯ ಮಗಳೆಂಬುದು ಗಂಗೂಬಾಯಿಯವರಿಗೆ ಆಸ್ತಿಯಾಗಿ ಬರಲಿಲ್ಲ, ಧಾರವಾಡದ ಬೀದಿಯ ಕುಹಕವಾಗಿ ಬಂತು. ಆ ಕುಹಕವನ್ನು ತೊಳೆದದ್ದು ಅವರ ಕಂಠ. ಆ ಕಂಠವನ್ನು ತಿದ್ದಿದ್ದು ಪರರ ಮನೆಯ ಗುರು, ಕುಂದಗೋಳದ ಸವಾಯಿ ಗಂಧರ್ವರು. ಅಂದು ಕಳಂಕವಾಗಿದ್ದ ಹುಟ್ಟು ಇಂದು ಬಂಡವಾಳವಾಗಿದೆ. ಕಲಾವಿದನಿಗೆ ಸಮಾಜದಲ್ಲಿ ಮರ್ಯಾದೆ ಸಿಕ್ಕಿತೆಂದು ಸಂತೋಷಪಡಬೇಕು. ಆದರೆ ಆ ಮರ್ಯಾದೆ ಕಲೆಯನ್ನು ಬಿಟ್ಟು ಮನೆತನಕ್ಕೆ ಹೋಗಿ ನಿಂತಾಗ ಸಂಕಟವಾಗುತ್ತದೆ.

ತಂದೆಯ ಹೆಸರನ್ನು ಹೊತ್ತೂ ಅದರ ನೆರಳಿನಲ್ಲಿ ಕೂರದಿದ್ದ ಒಬ್ಬನನ್ನು ಇಲ್ಲಿ ನೆನೆಯಬೇಕು. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನಾ’ದ ನಾಯಕ ಎಂ. ವಿ. ಸುಬ್ಬಯ್ಯನಾಯ್ಡು. ಅವರ ಮಗ ಲೋಕೇಶ್. 1974ರ ‘ಭೂತಯ್ಯನ ಮಗ ಅಯ್ಯು’ ಚಿತ್ರದಲ್ಲಿ ಲೋಕೇಶ್ ಮಾಡಿದ್ದು ತಂದೆ ಕಟ್ಟಿಟ್ಟ ಊರದ್ವೇಷಕ್ಕೆ ವಾರಸುದಾರನಾದ ಮಗನ ಪಾತ್ರ. 1978ರ ‘ಪರಸಂಗದ ಗೆಂಡೆತಿಮ್ಮ’ದಲ್ಲಿ ಹಳ್ಳಿ ತಿರುಗುವ ಬಡ ವ್ಯಾಪಾರಿಯಾದರು. ಎರಡೂ ನಾಯಕನ ಠೀವಿಗೆ ಒಗ್ಗುವ ಪಾತ್ರಗಳಲ್ಲ. ಮೊದಲನೆಯದರಲ್ಲಿ ಪ್ರೇಕ್ಷಕನ ಸಿಟ್ಟನ್ನು, ಎರಡನೆಯದರಲ್ಲಿ ಅವನ ಕನಿಕರವನ್ನು ತಾಳಿಕೊಳ್ಳಬೇಕು. ಮಗನಾಗಿ ಬಂದವನು ನಟನಾಗಿ ನಿಲ್ಲುವುದೆಂದರೆ ಇದು.

ಈಗಿನ ರೀತಿ ಬೇರೆ. 1986ರ ‘ಆನಂದ್’, 2002ರ ‘ಅಪ್ಪು’, 2015ರ ‘ಸಿದ್ಧಾರ್ಥ’, 2024ರ ‘ಯುವ’ — ರಾಜಕುಮಾರರ ಮನೆಯ ಎರಡು ತಲೆಮಾರುಗಳು ನಾಯಕರಾಗಿಯೇ ತೆರೆಗೆ ಬಂದ ಕ್ರಮವಿದು. ಇವರಲ್ಲಿ ಪ್ರತಿಭೆಯಿಲ್ಲವೆಂದರೆ ಅನ್ಯಾಯವಾದೀತು. ಪುನೀತ್ 1985ರ ‘ಬೆಟ್ಟದ ಹೂವು’ ಚಿತ್ರದಲ್ಲಿಯೇ ರಾಷ್ಟ್ರಪ್ರಶಸ್ತಿ ಪಡೆದ ಬಾಲನಟ. 2021ರಲ್ಲಿ ಅವರು ತೀರಿಕೊಂಡಾಗ ನಾಡು ಅತ್ತದ್ದು ತಂದೆಯ ಹೆಸರಿಗಾಗಿ ಮಾತ್ರ ಅಲ್ಲ. ಶಿವರಾಜಕುಮಾರರು 1995ರ ‘ಓಂ’ ಚಿತ್ರದಲ್ಲಿ ತಂದೆ ಮಾಡದಿದ್ದ ಬಗೆಯ ಪಾತ್ರವನ್ನು ತಮ್ಮದಾಗಿಸಿಕೊಂಡರು. ಆದರೆ ‘ಅಪ್ಪು’, ‘ಯುವ’ ಎಂಬ ಶೀರ್ಷಿಕೆಗಳನ್ನು ನೋಡಿರಿ. ಒಂದು ನಟನ ಮನೆಯ ಮುದ್ದಿನ ಹೆಸರು, ಇನ್ನೊಂದು ನಟನ ಹೆಸರೇ. ಕಥೆ ಹುಟ್ಟುವ ಮೊದಲೇ ನಾಯಕ ಹುಟ್ಟಿರುತ್ತಾನೆ. ಅವನ ಅಳತೆಗೆ ಕಥೆಯನ್ನು ಹೊಲಿಯಲಾಗುತ್ತದೆ. ವಿಮರ್ಶಕನಿಗೆ ಕಸಿವಿಸಿಯಾಗುವುದು ಇಲ್ಲಿ.

ಮನೆತನ ಕೊಡುವ ದೊಡ್ಡ ಸೌಲಭ್ಯ ಮೊದಲ ಅವಕಾಶವಲ್ಲ, ಸೋಲುವ ಅವಕಾಶ. ತಾರೆಯ ಮಗ ಒಂದು ಚಿತ್ರದಲ್ಲಿ ಸೋತರೆ ಎರಡನೆಯದು ಕಾದಿರುತ್ತದೆ, ಎರಡರಲ್ಲಿ ಸೋತರೆ ಮೂರನೆಯದು. ಅಷ್ಟರಲ್ಲಿ ನಟನೆ ಕೈಗೆ ಹತ್ತಿದರೂ ಹತ್ತೀತು. ಹೊರಗಿನವನಿಗೆ ಸೋಲುವಷ್ಟು ಆಸ್ತಿಯಿರುವುದಿಲ್ಲ. ಬಸ್ ಚಾಲಕರ ಮಗ ಯಶ್ 2018ರ ‘ಕೆ.ಜಿ.ಎಫ್.’ ಚಿತ್ರದಿಂದ ದೇಶವೆಲ್ಲ ಬಲ್ಲ ನಾಯಕನಾಗಲಿಲ್ಲವೆ ಎನ್ನುತ್ತಾರೆ. ಆದರು. ಆದರೆ ಅವರು ಹಾದುಬಂದ ದಾರಿಯನ್ನೂ ನೋಡಬೇಕು. ಮೊದಲು ಕಾರಂತರು ಕಟ್ಟಿದ ಬೆನಕ ನಾಟಕ ತಂಡ, ಆಮೇಲೆ ಕಿರುತೆರೆ, ಆಮೇಲೆ ಚಿತ್ರ. ಹೊರಗಿನ ಹುಡುಗನಿಗೆ ಇಂದಿಗೂ ಮೊದಲು ತೆರೆದದ್ದು ನಾಟಕದ ಬಾಗಿಲೇ. ಆ ಬಾಗಿಲು ಹತ್ತಿರದಲ್ಲಿಲ್ಲದ ಊರುಗಳ ಗತಿಯೇನು?

ಈ ಪ್ರಶ್ನೆ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಹೆಚ್ಚು ನೋಯುತ್ತದೆ. 1948ರವರೆಗೆ ನಿಜಾಮರ ಆಳ್ವಿಕೆ, 1956ರವರೆಗೆ ಹೈದರಾಬಾದ್ ರಾಜ್ಯ. ಬೆಂಗಳೂರು ಇಂದಿಗೂ ಸುಮಾರು 600 ಕಿಲೋಮೀಟರ್ ದೂರ. ಇಲ್ಲಿಯ ಹುಡುಗನಿಗೆ ಬಣ್ಣದ ಲೋಕ ಸಿಗುತ್ತಿದ್ದದ್ದು ಜಾತ್ರೆಯ ಕ್ಯಾಂಪಿನಲ್ಲಿ, ಬಯಲಾಟದ ಅಟ್ಟದ ಮೇಲೆ, ಮೊಹರಮ್ಮಿನ ಪದಗಳಲ್ಲಿ. ವೃತ್ತಿರಂಗಭೂಮಿಗೆ ‘ಕುಂಟ ಕೋಣ ಮೂಕ ಜಾಣ’ ನಾಟಕ ಕೊಟ್ಟ ರಾಜಣ್ಣ ಜೇವರ್ಗಿಯವರ ಹೆಸರಿನಲ್ಲಿಯೇ ಊರಿದೆ. ಕಂಪನಿಗಳು ಬಡವಾದಂತೆ ಈ ದಾರಿ ಕಿರಿದಾಯಿತು. ಇನ್ನು ಚಿತ್ರಗಳಲ್ಲಿ ಈ ಸೀಮೆಯ ಮಾತು ಬಹುಮಟ್ಟಿಗೆ ನಗೆಯ ಸರಕು. ನಾಯಕ ಬೆಂಗಳೂರಿನ ಕನ್ನಡದಲ್ಲಿ ಪ್ರೀತಿಸುತ್ತಾನೆ. ಕಲಬುರಗಿಯ ಕನ್ನಡದಲ್ಲಿ ಅವನ ಗೆಳೆಯ ನಗಿಸುತ್ತಾನೆ. ಹುಟ್ಟಿನಿಂದ ನಾಯಕರಾಗುವವರೆಲ್ಲ ಒಂದೇ ನಗರದ ನಾಲ್ಕಾರು ಮನೆಯವರಾದರೆ ಪ್ರೀತಿಯೂ ಸಿಟ್ಟೂ ಒಂದೇ ಧಾಟಿಯಲ್ಲಿ ಕೇಳಿಸುವುದು ಸಹಜ. ನಷ್ಟ ಒಬ್ಬಿಬ್ಬರು ಹುಡುಗರದಲ್ಲ, ಭಾಷೆಯದು.

ಈ ನೆಲಕ್ಕೆ ವಾರಸಿನ ಇನ್ನೊಂದು ಅರ್ಥವೂ ಗೊತ್ತಿತ್ತು. ಹಳೆಯ ಜೇವರ್ಗಿ ತಾಲ್ಲೂಕಿನ ಕಡಕೋಳದ ಮಡಿವಾಳಪ್ಪನವರ ತತ್ತ್ವಪದಗಳ ದಾರಿ ಮುಂದುವರಿದದ್ದು ಶಿಷ್ಯರಿಂದ: ಚನ್ನೂರಿನ ಜಲಾಲಸಾಹೇಬ, ಖೈನೂರಿನ ಕೃಷ್ಣಪ್ಪ, ತೆಲುಗಬಾಳದ ರೇವಪ್ಪ. ಊರು ಬೇರೆ, ಮತ ಬೇರೆ. ಗುರುವಿಗೆ ಮಾತ್ರ ಎಲ್ಲರೂ ಶಿಶುಮಕ್ಕಳು. ಗದುಗಿನ ಪಂಚಾಕ್ಷರಿ ಗವಾಯಿಗಳು 1944ರಲ್ಲಿ ತೀರಿಕೊಂಡಾಗ ಆಶ್ರಮದ ಹೊಣೆ ಹೊತ್ತವರು ಅವರ ಅಂಧ ಶಿಷ್ಯ ಪುಟ್ಟರಾಜರು. ಸಂಗೀತವನ್ನೂ ನಾಟಕ ಸಂಘವನ್ನೂ ಅವರು 2010ರವರೆಗೆ ಸಾಕಿದರು. ಇದೂ ವಾರಸೇ, ಆದರೆ ಕರುಳಿನದಲ್ಲ, ಕಲಿಕೆಯದು.

ಚಿತ್ರಲೋಕದ ಮನೆತನಗಳನ್ನು ಬೈದರೆ ಪ್ರಯೋಜನವಿಲ್ಲ. ಮಗನನ್ನು ಮುಂದೆ ತರುವುದು ತಂದೆತಾಯಿಗಳ ಸ್ವಭಾವ. ಅದಕ್ಕೆ ಮಿತಿ ಹಾಕಬೇಕಾದವನು ಪ್ರೇಕ್ಷಕ. ಕಂಪನಿ ನಾಟಕ ಮುಗಿಸಿ ಮನೆಗೆ ಹೊರಟ ಜನ ದಾರಿಯಲ್ಲಿ ಕೇಳುತ್ತಿದ್ದ ಪ್ರಶ್ನೆ, ‘ಹ್ಯಾಂಗ ಮಾಡಿದಪಾ?’ ಎಂಬುದು. ಇಂದು ಭಿತ್ತಿಪತ್ರದ ಮುಂದೆ ನಿಂತು ನಾವು ಕೇಳುವುದು ‘ಯಾರ ಮಗನಪಾ?’ ಎಂದು. ಹೆಸರು ನೋಡಿ ಸೀಟಿ ಹೊಡೆಯುವವರು ನಾವೇ ಆಗಿರುವಾಗ, ಹೆಸರನ್ನೇ ಮಾರುವ ನಿರ್ಮಾಪಕನನ್ನು ಮಾತ್ರ ದೂರುವುದು ಹೇಗೆ? ಪತ್ರಿಕೆಗಳ ವಿಮರ್ಶೆಯೂ ಹೊಸ ನಾಯಕನ ಮುಖದಲ್ಲಿ ಅಜ್ಜನ ಹೋಲಿಕೆ ಹುಡುಕುವುದನ್ನು ಬಿಟ್ಟು ಅವನ ನಡೆ, ನುಡಿ, ನೋಟಗಳನ್ನು ತೂಗಲಿ. ಅದು ಅವನಿಗೂ ಉಪಕಾರವೇ.

ಬಾಗಿಲು ತೆರೆಯುವ ಕೆಲಸ ಇನ್ನೊಂದು. ಕಾರಂತರು 1989ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ರಂಗಾಯಣದ ಶಾಖೆಯೊಂದು ಇಂದು ಕಲಬುರಗಿಯಲ್ಲಿದೆ. ಗುಬ್ಬಿ ಕಂಪನಿ ಯಾರದೋ ಮಗನಿಗೆ ಕೊಟ್ಟ ಅನ್ನದ ಋಣ ಹೀಗೆ ನಮ್ಮ ಸೀಮೆಯವರೆಗೂ ಬಂದಿದೆ. ಅದು ಕಲಬುರಗಿಯ ಕಟ್ಟಡದಲ್ಲಿ ನಿಲ್ಲದೆ ಆಳಂದದ ಉರುಸಿಗೆ, ಗಾಣಗಾಪುರದ ಸಂಗಮಕ್ಕೆ, ಜೇವರ್ಗಿಯ ಸಂತೆಗೆ ಬಂದು ಅಲ್ಲಿಯ ಹುಡುಗ ಹುಡುಗಿಯರಿಂದ ಅವರದೇ ಮಾತಿನಲ್ಲಿ ಬಣ್ಣ ಹಚ್ಚಿಸಬೇಕು. ತಾರೆಯ ಮಗ ಬರುವುದಾದರೆ ಬರಲಿ. ಅವನ ಪಕ್ಕದಲ್ಲಿ ಅದೇ ಪಾತ್ರಕ್ಕೆ ಕಾದು ನಿಂತ ಇನ್ನೊಬ್ಬನೂ ಇರಲಿ. ಆಗ ಗೆದ್ದವನು ಯಾರ ಮಗನೆಂದು ಕೇಳುವ ಅಗತ್ಯವೇ ಬೀಳದು.