ಹಬ್ಬದ ಸಿನಿಮಾದಲ್ಲಿ ಯಾರ ಮನೆ?

ದಸರೆಗೋ ದೀಪಾವಳಿಗೋ ತೆರೆಗೆ ಬಂದು, ಆಮೇಲೆ ಪ್ರತಿ ಹಬ್ಬದ ಮಧ್ಯಾಹ್ನ ಟಿ.ವಿ.ಯಲ್ಲಿ ಮತ್ತೆ ಮತ್ತೆ ಮುಖ ತೋರಿಸುವ ಕನ್ನಡದ ಕೌಟುಂಬಿಕ ಚಿತ್ರಕ್ಕೆ ಒಂದು ಕಾಯಂ ಮನೆಯಿದೆ. ತೊಟ್ಟಿಯ ದೊಡ್ಡ ಮನೆ, ಸುತ್ತ ಹೊಲಗದ್ದೆ, ತಮ್ಮಂದಿರಿಗಾಗಿ ಬಾಳು ಸವೆಸುವ ಅಣ್ಣ, ತವರಿಗಾಗಿ ಹಂಬಲಿಸುವ ತಂಗಿ. 2000ದ ‘ಯಜಮಾನ’, ಓಂ ಸಾಯಿಪ್ರಕಾಶ್ ನಿರ್ದೇಶನದ ‘ತವರಿಗೆ ಬಾ ತಂಗಿ’ (2002), ‘ಅಣ್ಣ ತಂಗಿ’ (2005) ಈ ಪರಂಪರೆಯ ಜನಪ್ರಿಯ ಮಾದರಿಗಳು. ಊರಿಗೆ ಊರೇ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನೋಡಿದ ಚಿತ್ರಗಳಿವು. ಆ ಕಣ್ಣೀರು ಸುಳ್ಳಲ್ಲ. ಆದರೆ ಆ ಮನೆಯ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡವರು ಯಾರು, ಅಂಗಳದಲ್ಲೇ ಉಳಿದವರು ಯಾರು?

ಪಡುಬಿದ್ರಿ–ಕಾರ್ಕಳ ರಸ್ತೆಯ ಬೆಳ್ಮಣ್ಣಿನಂಥ ಊರಿನಿಂದ ನೋಡಿದಾಗ ಈ ಪ್ರಶ್ನೆ ಹೆಚ್ಚು ಕಾಡುತ್ತದೆ. ದುರ್ಗಾಪರಮೇಶ್ವರಿ ದೇವಸ್ಥಾನದ ಈ ಊರಿನ ಆಸುಪಾಸಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಒಂದೇ ಬಸ್ಸಿನಲ್ಲಿ ಕೇಳಿಸುತ್ತವೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಕ್ರೈಸ್ತರ ಮನೆಗಳಲ್ಲಿ ಹೊಸ ತೆನೆಯ ಊಟ. ಡಿಸೆಂಬರಿನಲ್ಲಿ ಅದೇ ಮನೆಗಳಿಂದ ಕುಸ್ವಾರಿನ ತಟ್ಟೆ ನೆರೆಮನೆಗೆ ಹೋಗುತ್ತದೆ: ಸಕ್ಕರೆ ಪಾಕ ಹಿಡಿದ ಕಿಡ್ಯೊ, ಎಳ್ಳು–ತೆಂಗಿನ ಹೂರಣದ ನೆವ್ರ್ಯೊ. ಹಬ್ಬವೆಂದರೆ ಇಲ್ಲಿ ಮನೆಯಿಂದ ಮನೆಗೆ ಓಡಾಡುವ ತಟ್ಟೆಗಳೂ ಹೌದು. ನಮ್ಮ ಹಬ್ಬದ ಸಿನಿಮಾಗಳಲ್ಲಿ ಆ ತಟ್ಟೆ ಕಾಣುವುದು ಅಪರೂಪ. ಗೋಡೆಯ ಮೇಲೊಂದು ಶಿಲುಬೆ, ಮೇಜಿನ ಮೇಲೊಂದು ಬಾಟಲಿ ಇಟ್ಟರೆ ಕ್ರೈಸ್ತರ ಮನೆಯಾಯಿತು ಎಂಬ ಅಭ್ಯಾಸ ಮಾತ್ರ ಹಳೆಯದು. 1972ರ ‘ನಾಗರಹಾವು’ ಕ್ರೈಸ್ತ ಹುಡುಗಿ ಮಾರ್ಗರೆಟ್‌ಗೆ ಮರೆಯಲಾಗದ ವ್ಯಕ್ತಿತ್ವ ಕೊಟ್ಟಿತು, ಆದರೆ ಸಂಸಾರ ಕೊಡಲಿಲ್ಲ. ಅವಳ ಪ್ರೀತಿಗೆ ಸಾವೇ ಕೊನೆ.

ಜಾತಿ, ಧರ್ಮಗಳ ಮಾತು ಹಾಗಿರಲಿ. ಬಹುಸಂಖ್ಯಾತರ ಕುಟುಂಬವೇ ಎಲ್ಲೆಡೆ ಒಂದೇ ಬಗೆಯದಲ್ಲ ಎಂಬುದನ್ನೂ ಈ ಪರಂಪರೆ ಗಮನಿಸಲಿಲ್ಲ. ಕರಾವಳಿಯ ಬಂಟರು, ಬಿಲ್ಲವರು, ಮೊಗವೀರರಲ್ಲಿ ಅಳಿಯಕಟ್ಟು ನಡೆದುಬಂದಿತ್ತು. ಆಸ್ತಿ, ವಂಶ ಹೆಣ್ಣಿನ ಕವಲಿನಲ್ಲಿ ಸಾಗುತ್ತಿತ್ತು. 1949ರ ಮದರಾಸು ಅಳಿಯಸಂತಾನ ಕಾಯ್ದೆ ಮನೆಗೆ ಹೆಂಗಸೂ ಒಡತಿಯಾಗಬಹುದೆಂದು ಒಪ್ಪಿತ್ತು. 1956ರ ಉತ್ತರಾಧಿಕಾರ ಕಾಯ್ದೆಯ ನಂತರ ಕಟ್ಟಳೆ ಸಡಿಲಾದರೂ, ಕುಟುಂಬದ ಮನೆಯ ದೈವಕಾರ್ಯಕ್ಕೆ ಎಲ್ಲರೂ ಸೇರುವುದು ಇಂದಿಗೂ ತಾಯಿಯ ಕವಲಿನ ಲೆಕ್ಕದಲ್ಲೇ. ಇಂಥ ಕಡೆ ತವರು ತಂಗಿ ಬೇಡಿ ಪಡೆಯುವ ಭಿಕ್ಷೆಯಲ್ಲ. ಮನೆಯೇ ಅವಳ ಕವಲಿನದು.

‘ಬಂಗಾರದ ಮನುಷ್ಯ’ವನ್ನು (1972) ಈ ಕಣ್ಣಿನಿಂದ ನೋಡಬೇಕು. ನಾಯಕ ರಾಜೀವ ವಿಧವೆ ಅಕ್ಕನ ಸಂಸಾರವನ್ನು ಹೊತ್ತು, ಬಂಜರು ನೆಲ ಹಸಿರು ಮಾಡಿ, ಅವಳ ಮಕ್ಕಳನ್ನು ಬೆಳೆಸುತ್ತಾನೆ. ಕೊನೆಗೆ ಅಕ್ಕನ ಮಗನ ಅನುಮಾನಕ್ಕೆ ನೊಂದು ಮನೆ ಬಿಡುತ್ತಾನೆ. ಬಯಲುಸೀಮೆಯ ನೋಡುಗನಿಗೆ ಇದು ತ್ಯಾಗದ ಪರಾಕಾಷ್ಠೆ. ಸೋದರಮಾವ ಅಳಿಯಂದಿರಿಗಾಗಿ ದುಡಿಯುವುದೇ ಕಟ್ಟಳೆಯಾಗಿದ್ದ ಕರಾವಳಿಯಲ್ಲಿ ಅದೇ ಕಥೆ ಮಾವ–ಅಳಿಯಂದಿರ ಹಕ್ಕು, ಹೊಣೆಗಳ ಬಿಕ್ಕಟ್ಟಾಗಿ ಕಾಣಬೇಕಿತ್ತು. ಅಂಥ ಚಿತ್ರವನ್ನು ತುಳುವರೇ ಮಾಡಬಹುದಿತ್ತು. ಆದರೆ 1971ರಲ್ಲಿ ಬಂದ ಮೊದಲ ತುಳು ಚಿತ್ರದ ಹೆಸರೇ ‘ಎನ್ನ ತಂಗಡಿ’ (ನನ್ನ ತಂಗಿ). ಅಂದರೆ ಹೊರಗಿನ ಅಣ್ಣ–ತಂಗಿ ಸೆಂಟಿಮೆಂಟಿನ ಸೆಳೆತ ಇಲ್ಲಿಯೂ ಮೊದಲೇ ತಲುಪಿತ್ತು. 2011ರ ‘ಒರಿಯರ್ದೊರಿ ಅಸಲ್’ ನಂತರ ತುಳು ಚಿತ್ರರಂಗಕ್ಕೆ ಹೊಸ ಜೀವ ಬಂತು, ಸಂಸಾರ ಸಮೇತ ಜನ ಬಂದರು. ನಾಟಕದ ರಂಗದಿಂದ ಬಂದ ಈ ಚಿತ್ರಗಳ ನಗೆಯಲ್ಲಿ ಬ್ಯಾರಿ ಮುಸ್ಲಿಮನ, ಪೊರ್ಬು ಎಂದು ಕರೆಯುವ ಕ್ರೈಸ್ತನ ಮಾತಿನ ಧಾಟಿ ಮಾತ್ರ ಬಹುಪಾಲು ನಗಿಸುವ ಸರಕಾಗಿಯೇ ಉಳಿಯಿತು.

ಇನ್ನೊಂದು ಬಗೆಯ ಚಿತ್ರಗಳು ಈ ಮನೆಗಳ ಒಳಗೆ ಹೋಗಿವೆ. ವೈದೇಹಿಯವರ ಕಥೆಯನ್ನು ಆಧರಿಸಿದ ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ನಲ್ಲಿ (2008) ಮುಸ್ಲಿಂ ಸೂಲಗಿತ್ತಿ ಗುಲಾಬಿಗೆ ಹೆರಿಗೆ ಮಾಡಿಸಿದ್ದಕ್ಕೆ ಬಣ್ಣದ ಟಿ.ವಿ. ಸಿಗುತ್ತದೆ. ಮೀನುಗಾರರ ಹೆಂಗಸರು ಒಬ್ಬೊಬ್ಬರಾಗಿ ಅವಳ ಮನೆಗೆ ಬಂದು ಕೂರುತ್ತಾರೆ. ಕೆಲವರು ಒಳಗೆ ಬರಲೊಲ್ಲದೆ ಹೊರಗೇ ನಿಲ್ಲುತ್ತಾರೆ. ಉಮಾಶ್ರೀ ಆ ಮನೆಯೊಡತಿಯ ಹಿಗ್ಗನ್ನು ಮುಖದ ತುಂಬ ತಂದಿದ್ದಾರೆ. ಆದರೆ ಕೊನೆಗೆ ಗುಲಾಬಿ ಊರನ್ನೇ ಕಳೆದುಕೊಳ್ಳುತ್ತಾಳೆ. ರಾಷ್ಟ್ರಪ್ರಶಸ್ತಿ ಪಡೆದ ‘ಬ್ಯಾರಿ’ (2011) ತಲಾಖಿನ ಸಂಕಟ. ‘ಚೋಮನ ದುಡಿ’ (1975) ದಲಿತ ಸಂಸಾರವೊಂದು ಹಂತಹಂತವಾಗಿ ಕಳಚಿಬೀಳುವ ಕಥೆ. ದೈವ ಕಟ್ಟುವವನ ಮನೆಯಲ್ಲಿ ಮುಸ್ಲಿಂ ಮಗು ಬೆಳೆಯುವ ತುಳುವಿನ ‘ಮದಿಪು’ (2017) ಮಾತ್ರ ಅಕ್ಕರೆಯನ್ನೇ ನಡುವಿಗೆ ತಂದಿತು. ಇವೆಲ್ಲ ದೊಡ್ಡ ಕೃತಿಗಳು, ಸಂಶಯವಿಲ್ಲ. ಆದರೂ ಒಟ್ಟು ಲೆಕ್ಕ ನೋಡಿದರೆ ದಲಿತರ, ಮುಸ್ಲಿಮರ ಮನೆಯ ಪಾಲಿಗೆ ಪ್ರಶಸ್ತಿ ಚಿತ್ರದ ನೋವು ಬಂದಿದೆ. ಹಬ್ಬದ ಚಿತ್ರದ ಸಂಭ್ರಮ ಬಂದಿಲ್ಲ.

ಅಮೆರಿಕದ ಕ್ರಿಸ್‌ಮಸ್ ಚಿತ್ರಗಳೂ ದಶಕಗಳ ಕಾಲ ಹೀಗೇ ಇದ್ದವು. ಹಾಲ್‌ಮಾರ್ಕ್ ಚಾನೆಲ್ 2020ರಲ್ಲಿ ‘ದಿ ಕ್ರಿಸ್‌ಮಸ್ ಹೌಸ್’ ಮೂಲಕ ಮಗುವನ್ನು ದತ್ತು ಪಡೆಯಲು ಕಾದಿರುವ ಸಲಿಂಗಿ ದಂಪತಿಯನ್ನು ಹಬ್ಬದ ಮನೆಯೊಳಗೆ ಕರೆತಂದಿತು. ನಮ್ಮಲ್ಲಿ ಟ್ರಾನ್ಸ್‌ಜೆಂಡರ್ ಹೆಣ್ಣಿನ ಕಥೆಯಾದ ‘ನಾನು ಅವನಲ್ಲ ಅವಳು’ (2015) ಬಂದಿದೆ, ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿಯೂ ಸಿಕ್ಕಿದೆ. ಆದರೆ ಅಲ್ಲಿಯೂ ನಾಯಕಿ ತನ್ನನ್ನು ಕಂಡುಕೊಳ್ಳಲು ಮನೆ ಬಿಟ್ಟೇ ಹೋಗಬೇಕಾಯಿತು.

ಕರಾವಳಿಯ ನಿರ್ಮಾಪಕರಲ್ಲಿ ಕೇಳಿಕೊಳ್ಳುವುದು ಇಷ್ಟು. ನಿಮ್ಮಲ್ಲಿ ನಟರಿದ್ದಾರೆ, ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬರುವ ಪ್ರೇಕ್ಷಕರಿದ್ದಾರೆ. ಮುಂದಿನ ಹಬ್ಬದ ಚಿತ್ರವನ್ನು ಬ್ಯಾರಿ ಮನೆಯ ಪೆರ್ನಾಳ್ ಹಬ್ಬದಲ್ಲೋ ಕೊರಗರ ಮನೆಯ ಮದುವೆಯಲ್ಲೋ ಶುರು ಮಾಡಿ. ಅಲ್ಲಿಯೂ ಮುನಿಸಿಕೊಳ್ಳುವ ಚಿಕ್ಕಮ್ಮ, ಸಾಲ ಮಾಡಿದ ಅಣ್ಣ, ಓಡಿಹೋಗಲು ಹೊರಟ ತಂಗಿ ಇರಲಿ. ಊರಿನ ಉಳಿದವರು ಆ ಮನೆಗೆ ನೆಂಟರಾಗಿ ಬರಲಿ.