ಮಾತಾಡದ ದನಗಾಹಿಗಳು

ಪಕ್ಕದ ಮನೆಯ ಹುಡುಗ ಪದವಿ ಎರಡನೇ ವರ್ಷದಲ್ಲಿದ್ದಾನೆ. ಪರಿಸರ ಅಧ್ಯಯನ ಪರೀಕ್ಷೆಯ ಹಿಂದಿನ ದಿನ ನೋಟ್ಸ್ ಹಿಡಿದು ಬಂದು, "ಆಂಟಿ, ಇದು ನಮ್ ಬೀದಿ ಕಥೇನೇ ಅಲ್ವಾ?" ಎಂದ. ಗ್ಯಾರೆಟ್ ಹಾರ್ಡಿನ್ 1968ರಲ್ಲಿ 'ಸೈನ್ಸ್' ಪತ್ರಿಕೆಗೆ ಬರೆದ 'ದಿ ಟ್ರ್ಯಾಜಿಡಿ ಆಫ್ ದಿ ಕಾಮನ್ಸ್' ಲೇಖನದ ಸಾರಾಂಶ ಅದು. ಊರಿಗೆಲ್ಲ ಒಂದೇ ಹುಲ್ಲುಗಾವಲು. ಒಬ್ಬ ಇನ್ನೊಂದು ದನ ಬಿಟ್ಟರೆ ಲಾಭ ಪೂರ್ತಿ ಅವನದು, ನಷ್ಟ ಮಾತ್ರ ಎಲ್ಲರಿಗೂ ಹಂಚಿಹೋಗುತ್ತದೆ. ಎಲ್ಲರೂ ಹೀಗೇ ಲೆಕ್ಕ ಹಾಕಿದರೆ ಕೊನೆಗೆ ಹುಲ್ಲೂ ಇಲ್ಲ, ದನವೂ ಇಲ್ಲ.

ಹುಡುಗನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. 2024ರ ಬೇಸಿಗೆಯಲ್ಲಿ ಬಾಗಲಗುಂಟೆಯ ನಮ್ಮ ಬೀದಿಯಲ್ಲಿ ಒಂದರ ಹಿಂದೊಂದು ಬೋರ್‌ವೆಲ್ ಬತ್ತಿದವು. ಒಬ್ಬರು ಇನ್ನಷ್ಟು ಆಳಕ್ಕೆ ಕೊರೆಸಿದರೆ ಇನ್ನೊಬ್ಬರ ಮೋಟರ್ ಬರೀ ಗಾಳಿ ಎಳೆಯುತ್ತಿತ್ತು. ಆದರೂ ಹಾರ್ಡಿನ್‌ನನ್ನು ಮತ್ತೆ ಓದಿದಾಗ, ಸಾಹಿತ್ಯ ಪಾಠ ಮಾಡುವ ನನಗೆ ಬೇರೆಯದೇ ಒಂದು ಕೊರತೆ ಕಂಡಿತು. ಈ ಕಥೆಯಲ್ಲಿ ಸಂಭಾಷಣೆಯೇ ಇಲ್ಲ.

ಅವನ ದನಗಾಹಿಗಳಿಗೆ ಹೆಸರಿಲ್ಲ, ನೆಂಟರಿಲ್ಲ, ಕೂತು ಮಾತಾಡಲು ಒಂದು ಅರಳಿಕಟ್ಟೆಯಿಲ್ಲ. ಪಕ್ಕದವನ ದನ ಹೆಚ್ಚಾದದ್ದನ್ನು ನೋಡಿಯೂ "ಏನಪ್ಪಾ ಇದು?" ಎಂದು ಯಾರೂ ಕೇಳುವುದಿಲ್ಲ. ಲೇಖನದ ನಿಜವಾದ ವಸ್ತು ಜನಸಂಖ್ಯೆ. ಹುಲ್ಲುಗಾವಲು ವಿಲಿಯಂ ಫಾರ್ಸ್ಟರ್ ಲಾಯ್ಡ್ 1833ರಲ್ಲಿ ಬಳಸಿದ್ದ ಒಂದು ದೃಷ್ಟಾಂತ. ಇಂದು ವಸ್ತು ಹಿಂದೆ ಸರಿದು ದೃಷ್ಟಾಂತವೇ ಸಿದ್ಧಾಂತವಾಗಿ ಪಠ್ಯಕ್ಕೆ ಸೇರಿಕೊಂಡಿದೆ. ಮನುಷ್ಯರು ಮಾತಾಡುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡರೆ ಮಾತ್ರ ಅದು ದುರಂತ.

ಎಲಿನಾರ್ ಆಸ್ಟ್ರಂ ಹಿಡಿದದ್ದು ಈ ಎಳೆಯನ್ನೇ. 1990ರ 'ಗವರ್ನಿಂಗ್ ದಿ ಕಾಮನ್ಸ್' ಕೃತಿಯಲ್ಲಿ ಆಕೆ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಹಳ್ಳಿಯ ಹುಲ್ಲುಗಾವಲು, ಸ್ಪೇನಿನ ವೆಲೆನ್ಸಿಯಾದ ಕಾಲುವೆಗಳಂಥ ಉದಾಹರಣೆಗಳನ್ನು ಕೊಡುತ್ತಾರೆ. ಅಲ್ಲಿ ಬಳಸುವವರೇ ನಿಯಮ ಮಾಡಿಕೊಂಡು, ಕಾವಲು ಇಟ್ಟು, ತಪ್ಪಿದವರಿಗೆ ತಪ್ಪಿಗೆ ತಕ್ಕ ದಂಡ ಹಾಕಿ ಶತಮಾನಗಳ ಕಾಲ ಉಳಿಸಿಕೊಂಡಿದ್ದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಆಕೆ. ತಾನು ಹೇಳಿದ್ದು ನಿರ್ವಹಣೆಯಿಲ್ಲದ ಆಸ್ತಿಯ ಕುರಿತು ಎಂದು ಹಾರ್ಡಿನ್ ಕೂಡ ಮುಂದೆ ತಿದ್ದಿಕೊಂಡ.

ನಮಗೆ ಇದನ್ನು ತಿಳಿಯಲು ಅಷ್ಟು ದೂರ ಹೋಗಬೇಕಿರಲಿಲ್ಲ. ತೂಬು, ಕೋಡಿ, ಅಚ್ಚುಕಟ್ಟು, ನೀರುಗಂಟಿ: ಬಯಲುಸೀಮೆಯ ಈ ಮಾತುಗಳಲ್ಲಿ ನೀರು ಹಂಚುವ ಕಟ್ಟಳೆಗಳೇ ಅಡಗಿವೆ. ಪರಿಸರದ ಪಠ್ಯಗಳು ಇವನ್ನೆಲ್ಲ ಬದಿಗಿಟ್ಟು 'ಸಂಪನ್ಮೂಲ' ಎಂಬ ಒಂದೇ ಪದದಲ್ಲಿ ಕೆರೆ, ಗೋಮಾಳ, ಗುಂಡುತೋಪುಗಳನ್ನು ತುಂಬಿಬಿಡುತ್ತವೆ. ಹಾಗೆಂದು ಹಳೆಯದನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಹಲವು ಕಡೆ ನೀರು ಬಿಡುವ ನೀರುಗಂಟಿ ದಲಿತ, ನೀರು ಹರಿಯುವ ಗದ್ದೆ ಬೇರೆಯವರದು. ಆ ಮಾತುಕತೆಯಲ್ಲಿ ಎಲ್ಲರ ದನಿಗೂ ಒಂದೇ ತೂಕ ಇರಲಿಲ್ಲ. ಆಸ್ಟ್ರಂ ಅವರನ್ನು ಓದುವಾಗಲೂ ನಿಯಮ ಮಾಡಿದವರು ಯಾರು ಎಂಬ ಪ್ರಶ್ನೆಯನ್ನು ನಾವು ಕೈಬಿಡಬಾರದು.

ನಮ್ಮ ಬಡಾವಣೆಯ ಹೆಸರಲ್ಲೂ ಒಂದು ಪಾಠವಿದೆ. ಕೆಲವು ಬೋರ್ಡುಗಳಲ್ಲಿ ಬಾಗಲಗುಂಟೆ, ಕೆಲವದರಲ್ಲಿ ಬಾಗಲಕುಂಟೆ. ಸಮಾಸದಲ್ಲಿ ಕಕಾರ ಗಕಾರವಾಗುವುದು ಆದೇಶ ಸಂಧಿ ಎಂದು ಹೈಸ್ಕೂಲಿನಲ್ಲೇ ಕಲಿತಿದ್ದೇವೆ. ಕುಂಟೆ ಎಂದರೆ ಸಣ್ಣ ಕೆರೆ. ಗುಂಟೆ ಎಂದರೆ ಎಕರೆಯ ನಲವತ್ತನೇ ಒಂದು ಭಾಗ, 1,089 ಚದರಡಿ, ಹೆಚ್ಚುಕಡಿಮೆ ಒಂದು ಸೈಟು. ವ್ಯಾಕರಣ ಬದಲಿಸಿದ್ದು ಒಂದಕ್ಷರವನ್ನು. ನೀರಿನ ಹೆಸರನ್ನು ಸೈಟಿನ ಅಳತೆಯಾಗಿ ಕೇಳಿಸಿಕೊಳ್ಳುತ್ತಿರುವವರು ನಾವು.

ಹುಡುಗನ ಹೋಲಿಕೆ ತಪ್ಪುವುದು ಇಲ್ಲೇ. ನಮ್ಮ ಬೀದಿ ಬೇಲಿಯಿಲ್ಲದ ಹುಲ್ಲುಗಾವಲಲ್ಲ. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ತನ್ನ ನೆಲದಡಿಯ ನೀರನ್ನು ಎತ್ತುವ ಹಕ್ಕು ನೆಲದ ಒಡೆಯನಿಗಿದೆ. ಮೇಲೆ ಕಾಂಪೌಂಡು, ಹಕ್ಕುಪತ್ರ ಎಲ್ಲವೂ ಇವೆ. ಕೆಳಗೆ ಗಟ್ಟಿಶಿಲೆಯ ಬಿರುಕುಗಳಲ್ಲಿ ಸರಿದಾಡುವ ನೀರಿಗೆ ಆ ಕಾಂಪೌಂಡು ಗೊತ್ತಿಲ್ಲ. ಅಂದರೆ ಇದು ಸಾಮೂಹಿಕ ಆಸ್ತಿಯ ದುರಂತವಲ್ಲ, ಸಾಮೂಹಿಕವಾದದ್ದನ್ನು ಸ್ವಂತದ್ದೆಂದು ನಂಬಿದ್ದರ ದುರಂತ. ನೀರು, ಗಾಳಿಗೆ ಬೇಲಿ ಹಾಕಲಾಗದು, ಪರಸ್ಪರ ಒಪ್ಪಿದ ಕಟ್ಟುಪಾಡು ಬೇಕು ಎಂದು ಹಾರ್ಡಿನ್ ಬರೆದಿದ್ದಾನೆ. ಹುಡುಗನ ನೋಟ್ಸಿನಲ್ಲಿ ಆ ಭಾಗವಿರಲಿಲ್ಲ. ನಮ್ಮಲ್ಲಿ 2011ರ ಅಂತರ್ಜಲ ಕಾಯ್ದೆಯೂ ಇದೆ. ಆದರೆ ಒಪ್ಪಿಗೆ ಹುಟ್ಟಬೇಕಾದ ಮಾತು ಬೀದಿಯಲ್ಲಿ ಆಗಲಿಲ್ಲ.

ಹುಡುಗನಿಗೆ ಇಷ್ಟನ್ನೂ ಹೇಳಿದೆ. ಒಂದನ್ನು ಹೇಳಲಿಲ್ಲ. ಆ ಏಪ್ರಿಲ್‌ನಲ್ಲಿ ನಮ್ಮ ಗೇಟಿನ ಮುಂದೆ ರಿಗ್ ಲಾರಿ ನಿಂತಾಗ, ಅವರ ಮನೆಯ ಬಾಗಿಲು ತಟ್ಟಿ ಒಂದು ಮಾತು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ. ವಾರದೊಳಗೆ ಅವರ ಬೋರ್ ನಿಂತಿತು. ಅಂದಿನಿಂದ ಅವರಿಗೆ ಟ್ಯಾಂಕರ್ ನೀರು. "ನಮ್ ಬೀದಿ ಕಥೇನೇ ಅಲ್ವಾ?" ಎಂದು ಕೇಳಿದಾಗ ಅವನಿಗೆ ಅದು ನೆನಪಿತ್ತೇ ಎಂದು ನಾನೂ ಕೇಳಲಿಲ್ಲ.