ಐದು ಟ್ರೋಫಿ, ಮೂರು ರಾಜ್ಯ

ಸಂತೋಷ್ ಟ್ರೋಫಿ ಫುಟ್‌ಬಾಲ್‌ನ ದಾಖಲೆ ಪಟ್ಟಿಯಲ್ಲಿ ಕರ್ನಾಟಕದ ಹೆಸರಿನ ಮುಂದೆ ಐದು ಪ್ರಶಸ್ತಿಗಳಿವೆ: 1946-47, 1952-53, 1967-68, 1968-69 ಮತ್ತು 2022-23. ಕೂಡಿದ್ದರಲ್ಲಿ ತಪ್ಪಿಲ್ಲ. ಕೂಡಿದ್ದು ಯಾವುದನ್ನು ಯಾವುದರ ಜೊತೆ ಎಂಬುದೇ ತಕರಾರು.

ಮೊದಲೆರಡನ್ನು ಗೆದ್ದದ್ದು ಏಕೀಕರಣಕ್ಕೆ ಮುಂಚಿನ ಮೈಸೂರು. ಮೈಸೂರು ಸೀಮೆಯ ಗಂಜಾಂನ ಹುಡುಗ ಆ ತಂಡವನ್ನು ನಮ್ಮದು ಎನ್ನಬಹುದಿತ್ತು. ಉಳಿದ ಕಡೆಯವರು ಹಾಗೆನ್ನುವಂತಿರಲಿಲ್ಲ: ಧಾರವಾಡ ಆಗ ಬೊಂಬಾಯಿಗೆ, ಮಂಗಳೂರು ಮದ್ರಾಸಿಗೆ, ಕಲಬುರಗಿ ಹೈದರಾಬಾದಿಗೆ ಸೇರಿದ್ದವು. ಮುಂದಿನ ಎರಡು 1956ರ ನಂತರದ ವಿಶಾಲ ಮೈಸೂರಿನವು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರಲ್ಲಿ. ಆ ಹೆಸರಿನಲ್ಲಿ ಬಂದ ಟ್ರೋಫಿ ಒಂದೇ.

ಪಟ್ಟಿಯ ನಿಜವಾದ ಬೆಲೆ ಎದುರಾಳಿ ಮತ್ತು ಸ್ಥಳದ ಕಾಲಂಗಳಲ್ಲಿದೆ. ಮೈಸೂರು ನಾಲ್ಕು ಸಲವೂ ಮಣಿಸಿದ್ದು ಬಂಗಾಳವನ್ನು, ಅಂದರೆ ಈ ಟ್ರೋಫಿಯನ್ನು ಅತಿ ಹೆಚ್ಚು ಬಾರಿ ಗೆದ್ದ ತಂಡವನ್ನು. ಆದರೆ ಮೂರು ಫೈನಲ್‌ಗಳು ಬೆಂಗಳೂರಿನಲ್ಲೇ ನಡೆದವು. ಮನೆಯಂಗಳದ ಬೆಂಬಲವಿಲ್ಲದೆ ದಕ್ಕಿದ್ದು 1967-68ರಲ್ಲಿ, ಕಟಕ್‌ನಲ್ಲಿ. ನಾಲ್ಕರಲ್ಲಿ ಹೆಚ್ಚು ತೂಕದ್ದು ಅದೇ.

2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ ಎಲ್ಲರ ಬಾಯಲ್ಲೂ 54 ವರ್ಷಗಳ ಬರದ ಮಾತು. ರನ್ನರ್ ಅಪ್ ಕಾಲಂ ನೋಡಿದವರಿಗೆ ಬೇರೊಂದು ಲೆಕ್ಕ ಸಿಗುತ್ತದೆ. 1970-71ರಲ್ಲಿ ಪಂಜಾಬಿಗೆ, 1975-76ರಲ್ಲಿ ಬಂಗಾಳಕ್ಕೆ ಸೋತ ಮೇಲೆ 47 ವರ್ಷ ನಾವು ಫೈನಲ್‌ನ ಮುಖವನ್ನೇ ನೋಡಿರಲಿಲ್ಲ. ಟ್ರೋಫಿ ಕೈತಪ್ಪಲು ಅದೃಷ್ಟವನ್ನು ದೂರಬಹುದು. ಅರ್ಧ ಶತಮಾನ ಫೈನಲ್‌ಗೇ ಬರದಿದ್ದರೆ ದೂರಬೇಕಾದ್ದು ತಳಮಟ್ಟದ ವ್ಯವಸ್ಥೆಯನ್ನು. ಹೆಚ್ಚು ಕಹಿಯಾದ ಸತ್ಯ ಈ ಸಣ್ಣ ಅಂಕಿಯಲ್ಲಿದೆ.

ಪಟ್ಟಿ ಸೋಲುವುದು ಮನುಷ್ಯರ ವಿಷಯದಲ್ಲಿ. ರಿಯಾದ್‌ನಲ್ಲಿ ಗೋಲು ಹೊಡೆದ ಸುನಿಲ್ ಕುಮಾರ್, ಬೇಕೆ ಓರಾಮ್, ರಾಬಿನ್ ಯಾದವ್ ಅವರಿಗೆ ವಿಜೇತರ ಪಟ್ಟಿಯಲ್ಲಿ ಜಾಗವಿಲ್ಲ. ಅಲ್ಲಿರುವುದು ರಾಜ್ಯದ ಹೆಸರು ಮಾತ್ರ.

ಮೂರು ರಾಜ್ಯಗಳನ್ನು ಮೂರು ಸಾಲುಗಳಲ್ಲಿ ಬರೆದು, ಆಟಗಾರರ ಹೆಸರು ಮತ್ತು ಊರಿನ ಕಾಲಂ ಸೇರಿಸಿದರೆ, ಆಟ ಬೆಂಗಳೂರಿನ ಗಡಿ ದಾಟಿ ಎಷ್ಟು ದೂರ ಬಂದಿದೆ ಎಂಬುದು ಕಾಣುತ್ತದೆ. ತರಬೇತಿ, ಮೈದಾನ, ಹಣ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವವರಿಗೆ ಬೇಕಾದ ಲೆಕ್ಕ ಅದು. ಐದು ಎಂಬ ಅಂಕಿ ಸನ್ಮಾನದ ಭಾಷಣಕ್ಕಷ್ಟೇ ಸಾಕು.